ಹೋಮ್ ಅಸಿಸ್ಟೆಂಟ್ ಓಡುವ ಪೆಟ್ಟಿಗೆ: ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು

ಮನೆಯ ಲೈಟು, ಫ್ಯಾನು, ಗೀಸರ್, ಗೇಟಿನ ಕ್ಯಾಮೆರಾ ಎಲ್ಲವನ್ನೂ ಹೋಮ್ ಅಸಿಸ್ಟೆಂಟ್ ಅನ್ನುವ ತಂತ್ರಾಂಶದ ಕೈಗೆ ಕೊಟ್ಟವರು ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದೇ ಬರುತ್ತಾರೆ: ಅದು ಓಡುವ ಈ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಸಾಕಾ, ಇಲ್ಲಾ ದೊಡ್ಡದು ಏನಾದರೂ ತಗೋಬೇಕಾ? ಡ್ಯಾಶ್‌ಬೋರ್ಡ್ ತೆರೆಯೋಕೆ ತಡ. ಹಿಸ್ಟರಿ ಗ್ರಾಫ್ ಒತ್ತಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಅಪ್‌ಡೇಟ್ ಹಾಕಿ ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ. ಯಾರನ್ನೇ ಕೇಳಿ, ಬರುವ ಉತ್ತರ ಒಂದೇ: ಮಿನಿ ಪಿಸಿ ತಗೊಳ್ಳಿ. ಕೆಟ್ಟ ಸಲಹೆ ಏನಲ್ಲ. ಆದರೆ ನಿಮ್ಮ ಮನೆಯಲ್ಲಿ ನಿಧಾನ ಆಗಿರುವುದು ಏನು ಅಂತ ನೋಡದೆ ದುಡ್ಡು ಹಾಕಿದರೆ, ಹೊಸ ಪೆಟ್ಟಿಗೆ ಬಂದ ಮೇಲೂ ಬಾತ್‌ರೂಮಿನ ಲೈಟು ಅಷ್ಟೇ ತಡವಾಗಿ ಹತ್ತುತ್ತದೆ.

ಪೌಲಸ್ ಸ್ಕೌಟ್ಸೆನ್ 2013ರಲ್ಲಿ ಶುರು ಮಾಡಿದ ಈ ತಂತ್ರಾಂಶದ ಗುಟ್ಟೇ ಅದು ಕಂಪನಿಯ ಸರ್ವರ್‌ನಲ್ಲಿ ಅಲ್ಲ, ನಿಮ್ಮ ಮನೆಯಲ್ಲೇ ಓಡುತ್ತದೆ ಅನ್ನುವುದು. ಹಾಗಾಗಿ ಯಂತ್ರದ ತಲೆನೋವೂ ನಿಮ್ಮದೇ. ಆದರೆ ಆ ಯಂತ್ರದ ಕೆಲಸ ಅಂಥ ಭಾರದ್ದಲ್ಲ. ಬಾತ್‌ರೂಮಿನ ಬಾಗಿಲಲ್ಲಿ ಮೋಷನ್ ಸೆನ್ಸರ್ ಇದೆ ಅಂದುಕೊಳ್ಳಿ. ಅದು ಯಾರನ್ನೋ ಕಂಡಿತು, ಜಿಗ್ಬಿ ಅನ್ನುವ ಕಡಿಮೆ ಪವರಿನ ರೇಡಿಯೋದಲ್ಲಿ ಸುದ್ದಿ ಕಳಿಸಿತು, ಪೈಗೆ ಸಿಕ್ಕಿಸಿದ ಯುಎಸ್‌ಬಿ ಸ್ಟಿಕ್ ಅದನ್ನು ಹಿಡಿಯಿತು, ಹೋಮ್ ಅಸಿಸ್ಟೆಂಟ್ ನಿಯಮ ನೋಡಿ ಬಲ್ಬಿಗೆ ಆಜ್ಞೆ ಕೊಟ್ಟಿತು. ಇದರಲ್ಲಿ ಪ್ರೊಸೆಸರ್ ಪಾಲು ಕೆಲವು ಮಿಲಿಸೆಕೆಂಡ್ ಮಾತ್ರ. ಇಲ್ಲಿ ತಡ ಆಗುತ್ತಿದ್ದರೆ ಸೆನ್ಸರ್ ನಿಧಾನ ಇರಬೇಕು, ಜಿಗ್ಬಿ ಸಿಗ್ನಲ್ ಸೊರಗಿರಬೇಕು, ಇಲ್ಲಾ ಬಲ್ಬು ಕ್ಲೌಡ್ ಮೂಲಕವೇ ಆಜ್ಞೆ ತೆಗೆದುಕೊಳ್ಳುವ ಜಾತಿಯದ್ದಾಗಿರಬೇಕು. ಕೊನೆಯದಾದರೆ ನಿಮ್ಮ ಆಜ್ಞೆ ಇಂಟರ್ನೆಟ್ ದಾಟಿ ಯಾವುದೋ ದೂರದ ಸರ್ವರ್ ಮುಟ್ಟಿ ಮತ್ತೆ ಮನೆಗೇ ವಾಪಸ್ ಬರಬೇಕು. ಎಂಥ ಕಂಪ್ಯೂಟರ್ ತಂದರೂ ಈ ಸುತ್ತು ತಪ್ಪುವುದಿಲ್ಲ.

ಆದ್ದರಿಂದ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ಅದರೊಳಗೆ ಹಾರ್ಡ್‌ವೇರ್ ತೆರೆಯಿರಿ. ಪ್ರೊಸೆಸರ್ ಮತ್ತು ಮೆಮೊರಿ ಎಷ್ಟು ಬಳಕೆಯಾಗುತ್ತಿದೆ ಅಂತ ಗ್ರಾಫ್ ಬರುತ್ತದೆ. ಕ್ಯಾಮೆರಾ ಕೆಲಸ ಇಲ್ಲದ ಮನೆಗಳಲ್ಲಿ ಪ್ರೊಸೆಸರ್ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ. ಹಾಗಾದರೆ ಈ ಒದ್ದಾಟ ಯಾವುದರದ್ದು? ಬಹುಪಾಲು ಮನೆಗಳಲ್ಲಿ ಎಸ್‌ಡಿ ಕಾರ್ಡಿನದ್ದು.

ಎಸ್‌ಡಿ ಕಾರ್ಡ್ ಯಾಕೆ ಸಾಯುತ್ತದೆ

ಎಸ್‌ಡಿ ಕಾರ್ಡ್ ಇರುವುದು ಫೋಟೋ, ವಿಡಿಯೋ ತುಂಬಿಡೋಕೆ. ದೊಡ್ಡ ಫೈಲನ್ನು ಒಂದು ಸಲ ಬರೆಯುವುದು, ಆಮೇಲೆ ಓದುತ್ತಿರುವುದು. ಹೋಮ್ ಅಸಿಸ್ಟೆಂಟ್ ಮಾಡುವುದು ಅದರ ತದ್ವಿರುದ್ಧ. ಅದರಲ್ಲಿ ರೆಕಾರ್ಡರ್ ಅಂತ ಒಂದು ಭಾಗವಿದೆ. ಮನೆಯ ಪ್ರತಿ ಸೆನ್ಸರಿನ ಪ್ರತಿ ಬದಲಾವಣೆಯನ್ನೂ ಅದು ಎಸ್‌ಕ್ಯೂಎಲೈಟ್ ಡೇಟಾಬೇಸಿಗೆ ಬರೆದಿಡುತ್ತದೆ. ನೀವು ಏನೂ ಬದಲಿಸದೆ ಬಿಟ್ಟರೆ 5 ಸೆಕೆಂಡಿಗೊಮ್ಮೆ ಕಾರ್ಡಿಗೆ ಬರವಣಿಗೆ, 10 ದಿನದ ಹಿಸ್ಟರಿ. 5 ಸೆಕೆಂಡಿಗೊಮ್ಮೆ ಅಂದರೆ ದಿನಕ್ಕೆ 17,280 ಸಲ.

ಈಗ ಮೀಟರ್ ಬೋರ್ಡಿಗೆ ಒಂದು ಸ್ಮಾರ್ಟ್ ಎನರ್ಜಿ ಮೀಟರ್ ಹಾಕಿದ್ದೀರಿ ಅನ್ನಿ. ವೋಲ್ಟೇಜ್, ಕರೆಂಟ್, ವ್ಯಾಟ್ ಮೂರನ್ನೂ ಅದು ಸೆಕೆಂಡಿಗೊಮ್ಮೆ ಹೇಳುತ್ತದೆ. ಮೌಲ್ಯ ಬದಲಾದರೆ ಮಾತ್ರ ದಾಖಲಾಗುತ್ತದೆ, ನಿಜ. ಆದರೆ ನಮ್ಮ ಲೈನಿನ ವೋಲ್ಟೇಜ್ ಯಾವಾಗ ನಿಂತಲ್ಲಿ ನಿಂತಿದೆ? ಬದಲಾಗುತ್ತಲೇ ಇರುತ್ತದೆ. ಮೂರೂ ಸೇರಿ ದಿನಕ್ಕೆ 2,59,200 ಸಾಲುಗಳವರೆಗೆ ಡೇಟಾಬೇಸಿಗೆ ಹೋಗಬಹುದು. ಇದು ಒಂದೇ ಉಪಕರಣದ ಲೆಕ್ಕ.

ಇದರಿಂದ ಕಾರ್ಡಿಗೇನು ಕಷ್ಟ? ಫ್ಲ್ಯಾಶ್ ಮೆಮೊರಿಯಲ್ಲಿ ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಅಳಿಸುವುದು ಮಾತ್ರ ದೊಡ್ಡ ಬ್ಲಾಕುಗಳಲ್ಲಿ. ಒಂದು ಪುಟ ತಿದ್ದಬೇಕೆಂದರೆ ಕೊನೆಗೆ ಎಲ್ಲೋ ಒಂದು ಇಡೀ ಬ್ಲಾಕನ್ನೇ ಖಾಲಿ ಮಾಡಬೇಕಾಗುತ್ತದೆ. ರಂಗೋಲಿಯ ಒಂದು ಎಳೆ ತಪ್ಪಿದ್ದಕ್ಕೆ ಇಡೀ ಅಂಗಳಕ್ಕೆ ನೀರು ಹಾಕಿ ತೊಳೆದ ಹಾಗೆ. ಪ್ರತಿ ಬ್ಲಾಕಿಗೂ ಇಷ್ಟು ಸಲ ಅಳಿಸಬಹುದು ಅನ್ನುವ ಮಿತಿ ಇದೆ. ಕಾರ್ಡಿನೊಳಗಿನ ಕಂಟ್ರೋಲರ್ ಚಿಪ್ ಚಿಕ್ಕದು, ಸವೆತವನ್ನು ಎಲ್ಲಾ ಕಡೆ ಸಮನಾಗಿ ಹಂಚುವಷ್ಟು ಜಾಣತನ ಅದಕ್ಕಿಲ್ಲ.

ಇದರ ಮೇಲೆ ಕರೆಂಟು ಹೋಗುವುದು ಬೇರೆ. ಬರೆಯುತ್ತಿರುವಾಗಲೇ ಪವರ್ ಕಟ್ ಆದರೆ ಡೇಟಾಬೇಸ್ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಶುರುವಾದಾಗ ಹೋಮ್ ಅಸಿಸ್ಟೆಂಟ್ ಅದನ್ನು ಪರೀಕ್ಷಿಸುತ್ತದೆ. ಕೆಟ್ಟಿದ್ದರೆ ಹಳೇ ಫೈಲಿನ ಹೆಸರಿಗೆ 'ಕರಪ್ಟ್' ಅಂತ ಬಾಲ ಸೇರಿಸಿ ಪಕ್ಕಕ್ಕಿಟ್ಟು, ಹೊಸದೊಂದನ್ನು ಖಾಲಿಯಿಂದ ಶುರು ಮಾಡುತ್ತದೆ. ಕಾನ್ಫಿಗರೇಶನ್ ಫೋಲ್ಡರಿನಲ್ಲಿ ಇಂಥ ಬಾಲದ ಫೈಲು ಕಂಡರೆ ನಿಮಗೆ ಬೇಕಾಗಿರುವುದು ಹೊಸ ಪ್ರೊಸೆಸರ್ ಅಲ್ಲ, ಗಟ್ಟಿಮುಟ್ಟಾದ ಡಿಸ್ಕು, ಅಂದರೆ ಎಸ್‌ಎಸ್‌ಡಿ. 'ಹೈ ಎಂಡ್ಯೂರೆನ್ಸ್' ಅಂತ ಬರೆದಿರುವ ಕಾರ್ಡು ಹಾಕಿದರೆ ಈ ದಿನ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಎಸ್‌ಎಸ್‌ಡಿ ಒಳಗೂ ಇರುವುದು ಅದೇ ಫ್ಲ್ಯಾಶ್. ವ್ಯತ್ಯಾಸ ಕಂಟ್ರೋಲರ್‌ನದ್ದು ಮತ್ತು ಮೀಸಲಿಟ್ಟ ಜಾಗದ್ದು. ಸ್ಯಾಮ್‌ಸಂಗ್ 870 ಇವಿಒ ತಗೊಳ್ಳಿ, ಅದರ 250 ಜಿಬಿ ಡ್ರೈವಿಗೆ ಕಂಪನಿಯೇ ಹೇಳುವ ಬರವಣಿಗೆಯ ಮಿತಿ 150 ಟೆರಾಬೈಟ್. ದಿನಕ್ಕೆ 10 ಜಿಬಿ ಬರೆದರೂ 40 ವರ್ಷ. ಪೈ 4 ಇದ್ದವರು ಅದರ ನೀಲಿ ಯುಎಸ್‌ಬಿ 3 ಪೋರ್ಟಿಗೆ ಯುಎಸ್‌ಬಿ-ಸಾಟಾ ಅಡಾಪ್ಟರ್ ಕೇಬಲ್ ಮೂಲಕ ಇಂಥದೊಂದನ್ನು ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲೇ ಸ್ಟೋರೇಜ್ ಪುಟಕ್ಕೆ ಹೋಗಿ ಡೇಟಾ ಡಿಸ್ಕನ್ನು ಅದಕ್ಕೆ ಸಾಗಿಸಬಹುದು. ಹಿಸ್ಟರಿ ಗ್ರಾಫ್ ಥಟ್ಟನೆ ಬರೋಕೆ ಶುರುವಾಗುತ್ತದೆ. ಎಷ್ಟೋ ಮನೆಗಳ ಅಪ್‌ಗ್ರೇಡ್ ಇಲ್ಲಿಗೇ ಮುಗಿಯಬಹುದು.

ಅದಕ್ಕೂ ಮೊದಲು ಪೈಸೆ ಖರ್ಚಿಲ್ಲದ ಕೆಲಸವೊಂದಿದೆ. ರೆಕಾರ್ಡರ್‌ಗೆ ಯಾವುದನ್ನು ಬರೆಯಬೇಡ ಅಂತ ಹೇಳಿಬಿಡಿ. ವೈಫೈ ಸಿಗ್ನಲ್ ಬಲ, ಪ್ರತಿ ಪ್ಲಗ್ಗಿನ ವೋಲ್ಟೇಜ್, ಫೋನ್ ಬ್ಯಾಟರಿಯ ಉಷ್ಣತೆ... ಇವುಗಳ ಇತಿಹಾಸ ತಗೊಂಡು ಏನು ಮಾಡ್ತೀರಿ?

ನಿಜವಾಗಿಯೂ ದೊಡ್ಡ ಯಂತ್ರ ಯಾವಾಗ ಬೇಕು

ಮೆಮೊರಿ ಮಾತು ಬೇಗ ಮುಗಿಸೋಣ. ಪೈ 3ರಲ್ಲಿ ಇರುವುದು 1 ಜಿಬಿ. ಜಿಗ್ಬಿ2ಎಂಕ್ಯೂಟಿಟಿ, ಮಾಸ್ಕಿಟೊ, ಇಎಸ್‌ಪಿಹೋಮ್, ನೋಡ್-ರೆಡ್ ಹೀಗೆ ಆಡ್-ಆನ್‌ಗಳನ್ನು (ಜೊತೆಗೆ ಓಡಿಸುವ ಹೆಚ್ಚುವರಿ ತಂತ್ರಾಂಶಗಳನ್ನು) ಪೇರಿಸುತ್ತಾ ಹೋದರೆ ಅದು ಸಾಲದು. 4 ಜಿಬಿ ಆರಾಮ. ಕ್ಯಾಮೆರಾ ಇದ್ದರೆ 8. ಇನ್ನೊಂದು ವಿಷಯ: 2025.12 ಆವೃತ್ತಿಯ ಹೊತ್ತಿಗೆ 32 ಬಿಟ್ ವ್ಯವಸ್ಥೆಗಳಿಗೆ ಹೋಮ್ ಅಸಿಸ್ಟೆಂಟ್ ಬೆಂಬಲ ನಿಲ್ಲಿಸಿದೆ. ಪೈ 3ರ ಚಿಪ್ 64 ಬಿಟ್‌ಗೆ ತಯಾರಿರುವುದೇ, ಆದರೆ ಹಿಂದೆ ಹಲವರು ಅದಕ್ಕೆ 32 ಬಿಟ್ ಇಮೇಜ್ (ಓಎಸ್‌ನ ಪಡಿಯಚ್ಚು) ಹಾಕಿಕೊಂಡಿದ್ದರು. ಅಂಥವರು ಹೊಸ ಯಂತ್ರ ತರದಿದ್ದರೂ 64 ಬಿಟ್ ಇಮೇಜ್ ಹಾಕಿ ಬ್ಯಾಕಪ್ ತುಂಬಿಕೊಳ್ಳಲೇಬೇಕು.

ಪ್ರೊಸೆಸರ್‌ಗೆ ನಿಜವಾದ ಕೆಲಸ ಕೊಡುವುದು ಎರಡೇ: ಕ್ಯಾಮೆರಾ ಮತ್ತು ಮಾತು.

ಕ್ಯಾಮೆರಾ ಅಂದರೆ ಬರೀ ವಿಡಿಯೋ ನೋಡುವುದಲ್ಲ. ಗೇಟಿನ ಹತ್ತಿರ ಬಂದದ್ದು ಮನುಷ್ಯನೋ ನಾಯಿಯೋ ಅಂತ ಗುರುತು ಹಿಡಿಯುವ ಫ್ರಿಗೇಟ್‌ನಂಥ ತಂತ್ರಾಂಶ ಓಡಿಸಬೇಕೆಂದರೆ, ಪ್ರತಿ ಕ್ಯಾಮೆರಾದ ವಿಡಿಯೋವನ್ನು ದಿನದ 24 ಗಂಟೆಯೂ ಬಿಚ್ಚಿ ನೋಡುತ್ತಿರಬೇಕು. ಇಲ್ಲಿ ಒಂದು ಸ್ವಾರಸ್ಯ ಇದೆ. ಪೈ 5 ಎಲ್ಲಾ ಲೆಕ್ಕದಲ್ಲೂ ಪೈ 4ಕ್ಕಿಂತ ವೇಗ, ಆದರೆ ಎಚ್.264 ಅನ್ನುವ ಮಾದರಿಯ ವಿಡಿಯೋ ಬಿಚ್ಚುವ ಹಾರ್ಡ್‌ವೇರ್ ಪೈ 4ರಲ್ಲಿತ್ತು, ಪೈ 5ರಲ್ಲಿ ತೆಗೆದುಬಿಟ್ಟಿದ್ದಾರೆ. ಅದರಲ್ಲಿರುವುದು ಎಚ್.265ಗೆ ಮಾತ್ರ. ಹೆಚ್ಚಿನ ಕ್ಯಾಮೆರಾಗಳು ಇವತ್ತಿಗೂ ಕೊಡುವುದು ಎಚ್.264. ಆ ಭಾರವೆಲ್ಲ ಪ್ರೊಸೆಸರ್ ತಲೆ ಮೇಲೇ ಬೀಳುತ್ತದೆ. ಇಂಟೆಲ್ ಚಿಪ್‌ಗಳ ಜೊತೆಗೇ ಇರುವ ಗ್ರಾಫಿಕ್ಸ್ ಭಾಗ ಎರಡನ್ನೂ ಬಿಚ್ಚುತ್ತದೆ, ಓಪನ್‌ವಿನೋ ಅನ್ನುವ ಇಂಟೆಲ್ ತಂತ್ರಾಂಶದ ಮೂಲಕ ಮನುಷ್ಯನನ್ನು ಗುರುತಿಸುವ ಕೆಲಸವನ್ನೂ ಮಾಡುತ್ತದೆ. ಕ್ಯಾಮೆರಾ ಇರುವ ಮನೆಗೆ ನಾನು ಪೈ ಹೇಳುವುದಿಲ್ಲ.

ಮಾತಿನದ್ದೂ ಇದೇ ಕಥೆ. ನಿಮ್ಮ ದನಿಯನ್ನು ಮನೆಯಲ್ಲೇ ಅಕ್ಷರಕ್ಕೆ ಇಳಿಸುವ ವಿಸ್ಪರ್, ಪೈ 4ರಲ್ಲಿ ಒಂದು ಆಜ್ಞೆಗೆ ಸುಮಾರು 8 ಸೆಕೆಂಡ್ ತೆಗೆದುಕೊಳ್ಳುತ್ತದೆ ಅಂತ ಹೋಮ್ ಅಸಿಸ್ಟೆಂಟ್‌ನವರೇ ಬರೆದಿದ್ದಾರೆ. ಇಂಟೆಲ್ ನಕ್ ಅನ್ನುವ ಮಿನಿ ಪಿಸಿಯಲ್ಲಿ ಒಂದು ಸೆಕೆಂಡಿನೊಳಗೆ. 8 ಸೆಕೆಂಡ್ ಕಾಯುವುದಕ್ಕಿಂತ ಎದ್ದು ಹೋಗಿ ಸ್ವಿಚ್ ಒತ್ತುವುದೇ ವಾಸಿ ಅಲ್ವಾ? ವಿಸ್ಪರ್‌ಗೆ ಕನ್ನಡವೂ ಬರುತ್ತದೆ. ಆದರೆ ಅದರ ಚಿಕ್ಕ ಮಾಡೆಲ್‌ಗಳಿಗೆ ಕನ್ನಡ ಅಷ್ಟಾಗಿ ಹತ್ತುವುದಿಲ್ಲ. ದೊಡ್ಡ ಮಾಡೆಲ್ ಬೇಕು, ದೊಡ್ಡ ಮಾಡೆಲ್‌ಗೆ ದೊಡ್ಡ ಯಂತ್ರ ಬೇಕು.

ಈ ಎರಡರಲ್ಲಿ ಒಂದಾದರೂ ನಿಮಗೆ ಬೇಕಿದ್ದರೆ ಮಿನಿ ಪಿಸಿ ಸರಿ. ಈಚೆಗೆ ಎಲ್ಲರ ಬಾಯಲ್ಲಿರುವುದು ಇಂಟೆಲ್ ಎನ್100. 2023ರ ಆರಂಭದಲ್ಲಿ ಬಂದ ಚಿಪ್, 4 ಕೋರ್, ಚಿಪ್ಪಿನ ಲೆಕ್ಕದ ಪವರ್ 6 ವ್ಯಾಟ್. ಊಟದ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿ ಮೆಮೊರಿ, ಎಸ್‌ಎಸ್‌ಡಿ ಎಲ್ಲ ಸೇರಿಯೇ ಬರುತ್ತದೆ. ಪೈ 5 ಕೊಂಡು, ಅದಕ್ಕೆ ಎನ್‌ವಿಎಂಇ ಹ್ಯಾಟ್ (ಎಸ್‌ಎಸ್‌ಡಿ ಕೂರಿಸುವ ಬೋರ್ಡ್), ಎಸ್‌ಎಸ್‌ಡಿ, ಕೇಸು, ಫ್ಯಾನು, 5 ಆಂಪಿಯರ್ ಅಡಾಪ್ಟರ್ ಎಲ್ಲ ಸೇರಿಸಿ ಲೆಕ್ಕ ಹಾಕಿ ನೋಡಿ, ಹತ್ತಿರಹತ್ತಿರ ಅಷ್ಟೇ ಆಗಬಹುದು. ಆ ಅಡಾಪ್ಟರ್ ವಿಷಯದಲ್ಲಿ ಜಿಪುಣತನ ಬೇಡ. 3 ಆಂಪಿಯರಿನದ್ದು ಹಾಕಿದರೆ ಪೈ 5 ತನ್ನ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಅದರಲ್ಲಿ ಎಸ್‌ಎಸ್‌ಡಿ ಉಸಿರಾಡುವುದು ಕಷ್ಟ.

ಏನೂ ಕೆದಕುವ ಇಷ್ಟ ಇಲ್ಲದವರಿಗೆ ಹೋಮ್ ಅಸಿಸ್ಟೆಂಟ್ ಗ್ರೀನ್ ಇದೆ. 4 ಜಿಬಿ ಮೆಮೊರಿ, ಬೋರ್ಡಿನ ಮೇಲೇ 32 ಜಿಬಿ ಇಎಂಎಂಸಿ ಸ್ಟೋರೇಜ್. ಎಸ್‌ಡಿ ಕಾರ್ಡಿನ ರಗಳೆ ಇಲ್ಲ. ಒಳಗೆ ಜಿಗ್ಬಿ ರೇಡಿಯೋ ಇರುವುದಿಲ್ಲ, ಸ್ಟಿಕ್ ಬೇರೆ ತಗೋಬೇಕು.

ಅಟ್ಟದ ಮೇಲಿರುವ ಹಳೇ ಡೆಸ್ಕ್‌ಟಾಪ್ ಇಳಿಸಿದರೆ ಆಗಲ್ವಾ? ಆಗುತ್ತದೆ. ಕರೆಂಟ್ ಬಿಲ್ ನೋಡಿಕೊಳ್ಳಿ. 4 ವ್ಯಾಟ್ ಎಳೆಯುವ ಪೈ ತಿಂಗಳಿಗೆ 3 ಯೂನಿಟ್ ತಿನ್ನುತ್ತದೆ. 8 ವ್ಯಾಟಿನ ಮಿನಿ ಪಿಸಿ 6 ಯೂನಿಟ್. 50 ವ್ಯಾಟಿನ ಡೆಸ್ಕ್‌ಟಾಪ್ 36 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಇಡೀ ಬಿಲ್ ನೀವೇ ಕಟ್ಟಬೇಕು. ಈಗಲೇ ಅಂಚಿನಲ್ಲಿ ಇರುವ ಮನೆಗೆ ಈ 36 ಯೂನಿಟ್ ಸಣ್ಣದಲ್ಲ. ಹಳೇ ಲ್ಯಾಪ್‌ಟಾಪ್ ಇದಕ್ಕಿಂತ ಮೇಲು. ಕಡಿಮೆ ಕರೆಂಟು, ಮೇಲಾಗಿ ಬ್ಯಾಟರಿಯೇ ಯುಪಿಎಸ್. ಆದರೆ ವರ್ಷಗಟ್ಟಲೆ ಚಾರ್ಜಿನಲ್ಲೇ ಇಟ್ಟ ಬ್ಯಾಟರಿ ಊದಿಕೊಳ್ಳುತ್ತದೆ. ಟಚ್‌ಪ್ಯಾಡ್ ಮೇಲಕ್ಕೆ ಎದ್ದ ಹಾಗೆ ಕಂಡರೆ ತಡಮಾಡದೆ ಆಫ್ ಮಾಡಿ, ಬ್ಯಾಟರಿ ತೆಗೆಸಿ.

ಮನೆ ಸಾಗಿಸುವುದು

ಯಂತ್ರ ಕೊಳ್ಳುವುದು ಸುಲಭ. ಜನ ಎಡವುವುದು ಹಳೆಯದರಿಂದ ಹೊಸದಕ್ಕೆ ಹೋಗುವಾಗ.

ಬ್ಯಾಕಪ್ ಸಂಗತಿ ಚಿಕ್ಕದು. ಹೋಮ್ ಅಸಿಸ್ಟೆಂಟ್‌ನ ಪೂರ್ತಿ ಬ್ಯಾಕಪ್ ತೆಗೆದು, ಪೈ ಮೇಲೆ ಅಲ್ಲ, ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. 2025ರಿಂದ ಈ ಬ್ಯಾಕಪ್‌ಗಳು ಸಾಮಾನ್ಯವಾಗಿ ಕೀಲಿ ಹಾಕಿ (ಎನ್‌ಕ್ರಿಪ್ಟ್ ಆಗಿ) ಇರುತ್ತವೆ. 'ಎಮರ್ಜೆನ್ಸಿ ಕಿಟ್' ಅಂತ ಒಂದು ಫೈಲ್ ಕೊಡುತ್ತದೆ, ಕೀಲಿ ಅದರಲ್ಲಿದೆ. ಅದನ್ನು ಕಳೆದುಕೊಂಡರೆ ಕೀಲಿ ಹಾಕಿದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಹೊಸ ಯಂತ್ರ ಮೊದಲ ಸಲ ತೆರೆದಾಗ ಬರುವ ಸ್ವಾಗತ ಪುಟದಲ್ಲೇ ಬ್ಯಾಕಪ್‌ನಿಂದ ತುಂಬಿಕೋ ಅನ್ನುವ ಆಯ್ಕೆ ಇದೆ. ಪೈನದ್ದು ಎಆರ್‌ಎಂ ಚಿಪ್, ಮಿನಿ ಪಿಸಿಯದ್ದು ಇಂಟೆಲ್, ಬ್ಯಾಕಪ್ ಹೊಂದುತ್ತಾ ಅಂತ ಕೇಳುವವರಿದ್ದಾರೆ. ಹೊಂದುತ್ತದೆ. ಬ್ಯಾಕಪ್‌ನಲ್ಲಿ ಇರುವುದು ನಿಮ್ಮ ಸೆಟ್ಟಿಂಗ್ ಮತ್ತು ಮಾಹಿತಿ. ಆಡ್-ಆನ್‌ಗಳನ್ನು ಹೊಸ ಚಿಪ್ಪಿಗೆ ತಕ್ಕಂತೆ ಅದೇ ಮತ್ತೆ ಇಳಿಸಿಕೊಳ್ಳುತ್ತದೆ.

ಮಿನಿ ಪಿಸಿಗೆ ಹೋಮ್ ಅಸಿಸ್ಟೆಂಟ್ ಓಎಸ್ ಹಾಕುವಾಗ ಒಂದು ಗೊಂದಲ ಬಹಳ ಜನಕ್ಕೆ ಆಗುತ್ತದೆ. ವಿಂಡೋಸ್ ಹಾಕಿದ ಅಭ್ಯಾಸದಲ್ಲಿ ಇಮೇಜನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಬಟನ್ ಎಲ್ಲಿ ಅಂತ ಹುಡುಕುತ್ತಾರೆ. ಅಂಥ ಬಟನ್ ಇಲ್ಲ. ಅದು ಇನ್‌ಸ್ಟಾಲರ್ ಅಲ್ಲ, ಓಎಸ್‌ನ ಪೂರ್ತಿ ಪಡಿಯಚ್ಚು. ಪೆನ್‌ಡ್ರೈವಿಗೆ ಬರೆದರೆ ಪೆನ್‌ಡ್ರೈವಿನಿಂದಲೇ ಓಡುತ್ತಾ ಕೂರುತ್ತದೆ, ಮತ್ತೆ ಅದೇ ಎಸ್‌ಡಿ ಕಾರ್ಡಿನ ಪಾಡು. ಸರಿಯಾದ ದಾರಿ ಹೀಗೆ: ಪೆನ್‌ಡ್ರೈವಿನಲ್ಲಿ ಉಬುಂಟು ಲೈವ್ ಹಾಕಿ ಮಿನಿ ಪಿಸಿ ಬೂಟ್ ಮಾಡಿ. ಅದರ ಬ್ರೌಸರಿನಲ್ಲೇ ಜೆನೆರಿಕ್ ಎಕ್ಸ್86-64 ಇಮೇಜ್ ಇಳಿಸಿಕೊಳ್ಳಿ. ಉಬುಂಟುವಿನ ಡಿಸ್ಕ್ಸ್ ಅನ್ನುವ ಆ್ಯಪ್‌ನಿಂದ ಒಳಗಿನ ಎಸ್‌ಎಸ್‌ಡಿಗೆ ಬರೆಯಿರಿ. ಯಂತ್ರದ ಜೊತೆ ಬಂದ ವಿಂಡೋಸ್ ಪೂರ್ತಿ ಅಳಿಸಿಹೋಗುತ್ತದೆ, ಅದು ಗೊತ್ತಿರಲಿ. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಅದರ ಮೂಲ ಸೆಟ್ಟಿಂಗ್ ಪುಟ) ಯುಇಎಫ್‌ಐ ಬೂಟ್ ಆನ್ ಇರಬೇಕು, ಸೆಕ್ಯೂರ್ ಬೂಟ್ ಆಫ್ ಇರಬೇಕು. ಪರದೆ ಕಪ್ಪಗೆ ನಿಂತರೆ ಮೊದಲು ನೋಡಬೇಕಾದ್ದು ಇದನ್ನೇ.

ಈಗ ಮುಟ್ಟಬಾರದ ವಸ್ತುವಿಗೆ ಬರೋಣ: ಜಿಗ್ಬಿ ಸ್ಟಿಕ್.

ನಿಮ್ಮ ಜಿಗ್ಬಿ ಬಲ್ಬು, ಸೆನ್ಸರುಗಳಿಗೆ ಹೋಮ್ ಅಸಿಸ್ಟೆಂಟ್ ಅಂದರೆ ಯಾರು ಅಂತಲೇ ಗೊತ್ತಿಲ್ಲ. ಅವುಗಳಿಗೆ ಗೊತ್ತಿರುವುದು ಸ್ಟಿಕ್ ಮಾತ್ರ. ನೆಟ್‌ವರ್ಕ್ ಕೀಲಿ, ನೆಟ್‌ವರ್ಕ್ ಗುರುತು, ಚಾನೆಲ್ ಎಲ್ಲವೂ ಆ ಸ್ಟಿಕ್ಕಿನ ನೆನಪಿನಲ್ಲೇ ಇವೆ. ಅದೇ ಸ್ಟಿಕ್ಕನ್ನು ಹೊಸ ಯಂತ್ರಕ್ಕೆ ಸಿಕ್ಕಿಸಿದರೆ ಬಲ್ಬುಗಳಿಗೆ ಏನೂ ಆಗಿಲ್ಲ. ಸ್ಟಿಕ್ಕನ್ನೂ ಅದೇ ದಿನ ಬದಲಿಸಿದರೋ, ಸುದೈವ ಇದ್ದರೆ ಹೋಮ್ ಅಸಿಸ್ಟೆಂಟ್‌ನ ಜಿಗ್ಬಿ ಭಾಗವಾದ ಜೆಡ್‌ಎಚ್‌ಎ ಒಳಗಿನ ಮೈಗ್ರೇಶನ್ ಆಯ್ಕೆ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಏಣಿ ಹಾಕಿ ಒಂದೊಂದೇ ಬಲ್ಬನ್ನು ರೀಸೆಟ್ ಮಾಡುತ್ತಾ ಭಾನುವಾರ ಕಳೆಯಿರಿ. ಯಂತ್ರ ಇವತ್ತು ಬದಲಿಸಿ. ಸ್ಟಿಕ್ ಬೇಕಿದ್ದರೆ ಇನ್ನೊಂದು ತಿಂಗಳು ಬಿಟ್ಟು. ಪೈನ ಜಿಪಿಐಒ ಪಿನ್ನುಗಳ ಮೇಲೆ ಕೂರುವ ರೇಡಿಯೋ ಬೋರ್ಡ್ ಇದ್ದವರಿಗೆ ಮಾತ್ರ ಈ ಸುಖ ಇಲ್ಲ, ಮಿನಿ ಪಿಸಿಯಲ್ಲಿ ಆ ಪಿನ್ನುಗಳೇ ಇರುವುದಿಲ್ಲ.

ಸ್ಟಿಕ್ ಎಲ್ಲಿ ಸಿಕ್ಕಿಸುತ್ತೀರಿ ಅನ್ನುವುದೂ ಮುಖ್ಯ. ಯುಎಸ್‌ಬಿ 3 ಪೋರ್ಟು ಕೆಲಸ ಮಾಡುವಾಗ 2.4 ಗಿಗಾಹರ್ಟ್ಜ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇಂಟೆಲ್ 2012ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿತ್ತು. ಜಿಗ್ಬಿ ಮಾತಾಡುವುದೂ ಅದೇ 2.4ರಲ್ಲಿ. ಮಿನಿ ಪಿಸಿಯ ಹಿಂಭಾಗದಲ್ಲಿ ಪೋರ್ಟುಗಳು ಒತ್ತಾಗಿರುತ್ತವೆ. ಎಸ್‌ಎಸ್‌ಡಿ ಕೇಬಲ್ಲಿನ ಪಕ್ಕದಲ್ಲೇ ಸ್ಟಿಕ್ ಇಟ್ಟರೆ ದೂರದ ಸೆನ್ಸರುಗಳು ಒಂದೊಂದಾಗಿ ಕಾಣೆಯಾಗುತ್ತವೆ. ಜನ ಹೊಸ ಯಂತ್ರ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಒಂದು ಮೀಟರ್ ಯುಎಸ್‌ಬಿ 2 ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಸ್ಟಿಕ್ಕನ್ನು ಪೆಟ್ಟಿಗೆಯಿಂದ ದೂರ ಇಡಿ. ಇಡೀ ಅಪ್‌ಗ್ರೇಡಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಲಾಭ ಕೊಡುವ ವಸ್ತು ಇದೇ ಅನ್ನುವುದು ನನ್ನ ಲೆಕ್ಕ.

ಜಿಗ್ಬಿಯಂಥದೇ ಇನ್ನೊಂದು ರೇಡಿಯೋ ಜೆಡ್-ವೇವ್, ಅದನ್ನು ಬಳಸುವವರು ಇಲ್ಲಿ ಕಡಿಮೆ. ಅದರಲ್ಲೂ ನೆಟ್‌ವರ್ಕ್ ಇರುವುದು ಸ್ಟಿಕ್ಕಿನೊಳಗೇ. ಅಮೆರಿಕದಿಂದ ಅಣ್ಣ ತಂದುಕೊಟ್ಟ ಸ್ಟಿಕ್ ಇಲ್ಲಿ ಕೊಂಡ ಸ್ವಿಚ್ಚಿನ ಜೊತೆ ಮಾತಾಡುವುದಿಲ್ಲ. ಅಲ್ಲಿಯದು 908 ಮೆಗಾಹರ್ಟ್ಜ್, ಭಾರತದ್ದು 865.

ಐಪಿ ವಿಳಾಸ ಕೊನೆಯ ಬಲೆ. ಟಾಸ್ಮೋಟಾ ತಂತ್ರಾಂಶ ಹಾಕಿದ ವೈಫೈ ಸ್ವಿಚ್ಚುಗಳಿಗೆ ಎಂಕ್ಯೂಟಿಟಿ ಸರ್ವರ್ (ಉಪಕರಣಗಳ ಸುದ್ದಿ ಹಂಚುವ ತಂತ್ರಾಂಶ) ಇಂಥ ಐಪಿಯಲ್ಲಿದೆ ಅಂತ ನೀವೇ ಹಿಂದೊಮ್ಮೆ ಬರೆದಿರುತ್ತೀರಿ. ಹೊಸ ಯಂತ್ರಕ್ಕೆ ಬೇರೆ ಮ್ಯಾಕ್ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರದ ಗುರುತು), ಹಾಗಾಗಿ ರೌಟರ್ ಬೇರೆ ಐಪಿ ಕೊಡುತ್ತದೆ. ಸ್ವಿಚ್ಚುಗಳು ಹಳೇ ಬಾಗಿಲನ್ನೇ ತಟ್ಟುತ್ತಿರುತ್ತವೆ. ಹಳೇ ಪೈ ಆಫ್ ಮಾಡಿ, ರೌಟರಿನ ಡಿಎಚ್‌ಸಿಪಿ ರಿಸರ್ವೇಶನ್ ಪುಟದಲ್ಲಿ ಅದೇ ಐಪಿಯನ್ನು ಹೊಸ ಯಂತ್ರದ ಹೆಸರಿಗೆ ಬರೆಯಿರಿ. ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಒಂದೇ ಲೈಟನ್ನು ಎರಡು ಮೆದುಳು ಆಳಿದರೆ ಒಂದು ಹಚ್ಚುತ್ತದೆ, ಇನ್ನೊಂದು ಆರಿಸುತ್ತದೆ.

ಕರೆಂಟ್ ಹೋಗಿ ಬಂದಾಗ

ಪೈಗೆ ಒಂದು ಒಳ್ಳೆ ಗುಣ ಇತ್ತು: ಕರೆಂಟ್ ಬಂದ ತಕ್ಷಣ ತಾನೇ ಎದ್ದು ಕೂರುತ್ತಿತ್ತು. ಮಿನಿ ಪಿಸಿ ಹಾಗಲ್ಲ. ಎಷ್ಟೋ ಯಂತ್ರಗಳು ಯಾರಾದರೂ ಪವರ್ ಬಟನ್ ಒತ್ತುವವರೆಗೆ ಸುಮ್ನೆ ಕೂತಿರುತ್ತವೆ. ಬಯಾಸ್‌ನಲ್ಲಿ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಂತಲೋ ಅದನ್ನು ಹೋಲುವ ಹೆಸರಲ್ಲೋ ಒಂದು ಆಯ್ಕೆ ಇರುತ್ತದೆ. ಅದನ್ನು 'ಪವರ್ ಆನ್' ಮಾಡಿ. ನೀವು ಊರಲ್ಲಿಲ್ಲದಾಗ ಇದರ ಬೆಲೆ ಗೊತ್ತಾಗುತ್ತದೆ.

ಇನ್ವರ್ಟರ್ ಇರುವವರು ಅದರ ಹಿಂಭಾಗ ಒಮ್ಮೆ ನೋಡಿ. ಹಲವು ಇನ್ವರ್ಟರ್‌ಗಳಲ್ಲಿ ಇಕೋ ಮತ್ತು ಯುಪಿಎಸ್ ಅಂತ ಪುಟ್ಟ ಸ್ವಿಚ್ ಇರುತ್ತದೆ. ಇಕೋದಲ್ಲಿ ಬದಲಾವಣೆ ನಿಧಾನ. ಫ್ಯಾನಿಗೆ ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ. ಯುಪಿಎಸ್ ಕಡೆಗೆ ತಿರುಗಿಸಿ. ಇನ್ವರ್ಟರ್ ಇಲ್ಲದ ಮನೆಗೆ ರೌಟರಿಗೆಂದು ಸಿಗುವ 12 ವೋಲ್ಟ್ ಪುಟ್ಟ ಯುಪಿಎಸ್ ಸಾಕಾಗಬಹುದು, ಎಷ್ಟೋ ಮಿನಿ ಪಿಸಿಗಳೂ 12 ವೋಲ್ಟಿನವೇ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ಎರಡನ್ನೂ ತಾಳೆ ನೋಡಿ ಕೊಳ್ಳಿ. ಎಲ್ಲ ಆದ ಮೇಲೆ ಮನೆಯಲ್ಲಿ ಇರುವವರಿಗೆ ಹೇಳಿ, ಒಂದು ಸಲ ಮೇನ್ ಸ್ವಿಚ್ ಇಳಿಸಿ ಏರಿಸಿ. ಯಂತ್ರ ತಾನೇ ಎದ್ದು, ಸ್ಟಿಕ್ಕನ್ನು ಗುರುತಿಸಿ, ಬಲ್ಬುಗಳೆಲ್ಲ ವಾಪಸ್ ಬರಬೇಕು. ಎದ್ದೂ ಸ್ಟಿಕ್ ಸಿಗಲಿಲ್ಲ ಅಂದರೆ ಅದರ ದಾರಿಯನ್ನು 'ಟಿಟಿವೈಯುಎಸ್‌ಬಿ0' ಅನ್ನುವಂಥ ಸಂಖ್ಯೆಯ ಹೆಸರಿನಲ್ಲಿ ಕೊಟ್ಟಿದ್ದೀರಾ ಅಂತ ನೋಡಿ. ಆ ಸಂಖ್ಯೆ ಸಿಕ್ಕಿಸಿದ ಕ್ರಮದ ಮೇಲೆ ಬದಲಾಗುತ್ತದೆ. 'ಬೈ-ಐಡಿ' ಅಂತ ಒಳಗೊಂಡಿರುವ ಉದ್ದನೆಯ ಹೆಸರು ಬದಲಾಗುವುದಿಲ್ಲ, ಅದನ್ನೇ ಕೊಡಿ.

ಹಳೇ ಪೈಯನ್ನು ತಕ್ಷಣ ಮಾರಬೇಡಿ. ಕೆಲವು ವಾರ ಕಾರ್ಡಿನ ಸಮೇತ ಆಫ್ ಮಾಡಿ ಎತ್ತಿಡಿ. ಹೊಸದು ಕೈಕೊಟ್ಟರೆ ಸ್ಟಿಕ್ ಅದಕ್ಕೆ ಹಾಕಿ, ಐಪಿ ವಾಪಸ್ ಕೊಟ್ಟರೆ ಮನೆ ಮತ್ತೆ ನಡೆಯುತ್ತದೆ. ಆಮೇಲೆ ಬೇಕಾದರೆ ಅದಕ್ಕೊಂದು ಒಳ್ಳೆ ಕೆಲಸ ಇದೆ. ಮಿನಿ ಪಿಸಿ ಟಿವಿ ಹಿಂದೆ ಮೂಲೆಯಲ್ಲಿದ್ದು ಮೇಲಿನ ಮಹಡಿಗೆ ಜಿಗ್ಬಿ ತಲುಪುತ್ತಿಲ್ಲ ಅಂದರೆ, ಪೈ ಮೇಲೆ ಜಿಗ್ಬಿ2ಎಂಕ್ಯೂಟಿಟಿ ಒಂದನ್ನೇ ಹಾಕಿ, ಸ್ಟಿಕ್ ಸಿಕ್ಕಿಸಿ, ಮೆಟ್ಟಿಲ ಹತ್ತಿರ ಮನೆಯ ನಡುಮಧ್ಯೆ ಇಡಿ. ಅದು ಬಲ್ಬುಗಳ ಜೊತೆ ರೇಡಿಯೋದಲ್ಲಿ, ಮಿನಿ ಪಿಸಿಯ ಜೊತೆ ನೆಟ್‌ವರ್ಕಿನಲ್ಲಿ ಮಾತಾಡಿಕೊಂಡಿರುತ್ತದೆ. ಆ ಕೆಲಸಕ್ಕೆ 1 ಜಿಬಿಯ ಪೈ 3 ಕೂಡ ಜಾಸ್ತಿಯೇ.